ಏರಿನಲ್ಲಿ ಮುಖ ತಿರುಗಿಸುವ ಗಾಳಿ

ಈ ಶ್ರಾವಣದಲ್ಲಿ ನರ್ಸಬಾಯಾರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, "ಒಂದು ಗಳಿಗಿ ಅಡ್ಡಾಗತೀನಿ" ಎಂದು ಮಲಗಿದವರು ಏಳಲಿಲ್ಲ. ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ, ಯಾರ ಕೈಯಿಂದಲೂ ಬಾಯಿಗೆ ನೀರು ಬಿಡಿಸಿಕೊಳ್ಳಲಿಲ್ಲ. ಜೀವನವಿಡೀ ಬೇರೆಯವರನ್ನು ಎತ್ತಿ ಕೂರಿಸಿದವರಿಗೆ ದೇವರು ಅಷ್ಟಾದರೂ ಕೃಪೆ ತೋರಿದನಲ್ಲ ಎಂದು ನಾನು ದೀಪ ಹಚ್ಚಿ ಕೈಮುಗಿದೆ.

ಅವರ ಹೆಸರು ಬರೆಯುವುದಿಲ್ಲ. ರೋಣದಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರ ಅಕ್ಕ ಒಬ್ಬರೇ. ಉಳಿದ ನಮಗೆಲ್ಲ ಅವರು ನರ್ಸಬಾಯಾರು. ಅವರಿಗೂ ನಮ್ಮ ಹೆಸರುಗಳ ಹಂಗಿರಲಿಲ್ಲ. ಅಸೂಟಿ, ಶಿರೋಳ, ರಾಜೂರ ಎಂದು ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದವರು. ಮನುಷ್ಯರನ್ನು ಅವರು ಹುಟ್ಟಿದ ರೀತಿಯಿಂದಲೇ ಗುರುತಿಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ದಪ್ಪ ಮೀಸೆಯ ಕಂಡಕ್ಟರನೊಬ್ಬ ನಮಸ್ಕಾರ ಮಾಡಿದ. ಬಾಯಾರು ಅವನನ್ನು ಮೇಲಿಂದ ಕೆಳಗೆ ನೋಡಿ, "ಹಾಂ, ಗೊತ್ತಾತು. ಕಾಲು ಮುಂದ ಮಾಡಿ ಬಂದವ ಅಲ್ಲೇನ ನೀ? ಈಗೂ ಹಂಗ ಅವಸರದವ ಇದ್ದೀಯೋ ಏನು ಸುಧಾರಿಸೀಯೋ?" ಎಂದರು. ಬಸ್ಸಿನ ತುಂಬ ಜನ. ಪಾಪ, ಅವನು ಟಿಕೆಟ್ ಕೊಡುವುದನ್ನೇ ಮರೆತ.

ನನ್ನ ಮಗಳ ಮದುವೆಯ ಮಾತುಕತೆಗೂ ಬಂದು ಕೂತಿದ್ದರು. ಗಂಡಿನ ಕಡೆಯವರು ಹುಡುಗಿ ಬಹಳ ಮೌನಿ ಎಂದು ಮೆಚ್ಚಿಕೊಂಡರೆ, "ಹುಟ್ಟಿದಾಗೂ ಹಿಂಗ ಇದ್ಲ್ರಿ. ಬೆನ್ನಿಗೆ ಪೆಟ್ಟು ಹಾಕಿದ ಮ್ಯಾಲೆ ಬಾಯಿ ತೆಗದ್ಳು. ಇನ್ನ ಮುಚ್ಚಸೂದು ನಿಮ್ಮ ಪಾಳಿ" ಎಂದುಬಿಟ್ಟರು. ಗಂಡಿನ ತಾಯಿ ನಕ್ಕರು. ಆ ನಗುವಿನಲ್ಲೇ ಮದುವೆ ಗಟ್ಟಿಯಾಯಿತು ಎಂದು ನಾನು ಇಂದಿಗೂ ನಂಬಿದ್ದೇನೆ.

ಹೆರಿಗೆಮನೆಯಲ್ಲಿ ಅವರದೊಂದು ಪದ್ಧತಿ ಇತ್ತು. ಒಳಗೆ ಕಾಲಿಡುತ್ತಲೇ ಗಂಡಸರಿಗೆ, "ನೀರು ಕಾಸ್ರಿ, ದೊಡ್ಡ ಹಂಡೇದಾಗ ಕಾಸ್ರಿ" ಎಂದು ಹುಕುಂ ಮಾಡುವರು. ಅಷ್ಟು ನೀರು ಏತಕ್ಕೆ ಎಂದು ನಾನೊಮ್ಮೆ ಕೇಳಿದೆ.

"ನೀರು ಬೇಕಾಗೂದು ಒಂದ ತಂಬಿಗಿ ತಂಗಿ. ಉಳದದ್ದು ಗಂಡಸರನ್ನ ಒಲಿ ಮುಂದ ಕೂಡಸಾಕ. ಕೈಗೆ ಕೆಲಸ ಇಲ್ಲಂದ್ರ ಬಾಗಿಲಾಗ ನಿಂತು ನನಗ ಬುದ್ಧಿ ಹೇಳತಾರ."

ನಾನು ದೇವರು ದಿಂಡರು ಎನ್ನುವವಳು. ಸೋಮವಾರ ಉಪವಾಸ, ಬೆಳಗಿನ ಪೂಜೆ ಆಗದೆ ಚಹಾ ಇಲ್ಲ. ಅವರು ಗುಡಿಯ ಕಡೆ ಹಾಯುತ್ತಿರಲಿಲ್ಲ. ಹಾಗೆಂದು ನಾಸ್ತಿಕರಲ್ಲ. "ಅವಗ ನನ್ನ ಕೈ ಬೇಕು, ನನಗ ಅವನ ಕೈ ಬೇಕು. ಇಬ್ಬರದೂ ಕೂಡಿ ನಡದೈತಿ. ದಿನಾ ಹೋಗಿ ನಿಂತು ಲೆಕ್ಕ ಒಪ್ಪಸೂದೇನೈತಿ?" ಎನ್ನುವರು. ಆದರೆ ನಾನು ತಂದುಕೊಟ್ಟ ಪ್ರಸಾದವನ್ನು ಎಂದೂ ಬಿಟ್ಟವರಲ್ಲ. ಬಿಡುವುದೇನು, ಇನ್ನಷ್ಟು ಕೇಳಿ ತಿನ್ನುತ್ತಿದ್ದರು. ತಮ್ಮ ಕೈಯಡುಗೆ ತಮಗೇ ಸೇರದಂಥದ್ದು. ಅವರು ಬಡಿದ ತೂತುಬಿದ್ದ ರೊಟ್ಟಿಯನ್ನು ಅವರ ಅಕ್ಕ ಬಿಸಿಲಿಗೆ ಹಿಡಿದು, "ಇದರಾಗಿಂದ ಸೂರ್ಯಾ ಕಾಣಾಕತ್ತಾನ ನೋಡ" ಎಂದು ನನಗೆ ತೋರಿಸಿದ್ದುಂಟು.

ಆ ಅಕ್ಕನ ಮಾತು ಹೇಳದೆ ಬಾಯಾರ ಮಾತು ಪೂರಾ ಆಗುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಅಕ್ಕತಂಗಿ ಇಬ್ಬರೇ ಇದ್ದರು. ದೊಡ್ಡಕ್ಕ ಎಂದು ನಾವು ಕರೆಯುತ್ತಿದ್ದ ಅವರು ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಒಬ್ಬಳೇ ಮಗಳು, ಗಜೇಂದ್ರಗಡಕ್ಕೆ ಕೊಟ್ಟಿದ್ದರು. ತಾಯಿ ಇಲ್ಲದ ತಂಗಿಯನ್ನು ನರ್ಸ್ ಟ್ರೇನಿಂಗಿಗೆ ಕಳಿಸಿದ್ದು ದೊಡ್ಡಕ್ಕನೇ, ಹತ್ತಿಯ ಜಿನ್ನಿನಲ್ಲಿ ಕೂಲಿ ಮಾಡಿ. ಆ ಜಿನ್ನಿನ ಧೂಳು ಕುಡಿದ ಎದೆ ಆಮೇಲೆ ಸುಧಾರಿಸಲೇ ಇಲ್ಲ. ಬಿಸಿಲು ಏರಿದರೆ ಉಬ್ಬಸ, ಧೂಳು ಎದ್ದರೆ ಉಬ್ಬಸ. ಆ ಋಣವನ್ನು ಬಾಯಾರು ಎಂದೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ನಿವೃತ್ತಿಯಾದ ವರ್ಷವೇ ಧಾರವಾಡದ ಒಬ್ಬ ಡಾಕ್ಟರರು ಮಾರುತ್ತಿದ್ದ ಹಳೆಯ ಪರದೇಶಿ ಕಾರನ್ನು ಕೊಂಡು ತಂದು ಮನೆಯ ಮುಂದೆ ನಿಲ್ಲಿಸಿದರು. ಬೆಣ್ಣೆ ಬಣ್ಣದ, ಎಮ್ಮೆಯಂಥ ಉದ್ದನೆಯ ಕಾರು. "ಯಾಕ್ರಿ ಬಾಯಾರ, ಇಷ್ಟು ಹಳೇದು?" ಎಂದು ನಮ್ಮ ಮನೆಯವರು ಕೇಳಿದರೆ, "ಏಸಿ ಚಲೋ ಐತ್ರಿ" ಎಂದರು. ಅಷ್ಟೇ. ಆ ಏಸಿ ಯಾರಿಗೆಂದು ಓಣಿಗೆಲ್ಲ ಗೊತ್ತಿತ್ತು.

ಆ ಕಾರಿನಲ್ಲಿ ಕಿಟಕಿ ಏರಿಸಿ, ಏಸಿ ಹಚ್ಚಿ, ಅಕ್ಕನನ್ನು ನರಗುಂದಕ್ಕೆ, ಗದಗಿಗೆ ಕರೆದೊಯ್ದು ತರುವರು. ದೊಡ್ಡಕ್ಕ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ಮಹಾರಾಣಿಯಂತೆ ಕೂರುವರು. ಎಲ್ಲಾ ಚೆನ್ನಾಗಿತ್ತು, ಮೊಮ್ಮಗಳ ಕುಬಸದ, ಅಂದರೆ ಸೀಮಂತದ, ಕಾರ್ಯದ ತನಕ.

ಕುಬಸಕ್ಕೆಂದು ಅಕ್ಕತಂಗಿ ಗಜೇಂದ್ರಗಡಕ್ಕೆ ಹೊರಟರು. ಬೀಗರ ಮನೆ ಇದ್ದದ್ದು ಗುಡ್ಡದ ಏರು ದಾಟಿದ ಮೇಲೆ. ಏರಿನ ತಿರುವಿನಲ್ಲಿ ಒಮ್ಮೆಲೇ ದೊಡ್ಡಕ್ಕನಿಗೆ ಉಸಿರು ಕಟ್ಟಿತಂತೆ. ಮುಖಕ್ಕೆ ಬರುತ್ತಿದ್ದ ತಂಪು ಗಾಳಿ ನಿಂತುಹೋಗಿ, ಕಾಲ ಬುಡದಿಂದ ಬಿಸಿ ಝಳ ಎದ್ದು, ಎದೆ ಹಿಂಡಿ, "ಇಳಸ, ನನ್ನ ಇಳಸ" ಎಂದರಂತೆ. ಗುಡ್ಡದ ಮೇಲೆ ಹೋಗಿ ಗಾಡಿ ನಿಲ್ಲಿಸುವಷ್ಟರಲ್ಲಿ ಗಾಳಿ ಮತ್ತೆ ಎಂದಿನಂತೆ ಮುಖಕ್ಕೆ ಬೀಸುತ್ತಿತ್ತು. ಕುಬಸವೇನೋ ಮುಗಿಯಿತು. ದೊಡ್ಡಕ್ಕ ಮನೆಗೆ ಬಂದವರೇ, ಗಾಡಿಗೆ ಕೈಮುಗಿದು ಹೇಳಿದರು: "ಗಾಡೀದು ತಪ್ಪಿಲ್ಲ. ನನ್ನ ಉಸುರು ಮುಗಿಯಾಕ ಬಂದೈತಿ. ಗುಡ್ಡದ ಮ್ಯಾಲೆ ಆ ಯಮ ಬಂದು ಎದಿ ಮ್ಯಾಲೆ ಕುಂತಿದ್ದ. ಇನ್ನ ಮನಿ ಬಿಟ್ಟು ಎಲ್ಲೂ ಬರಂಗಿಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ಪೆಟ್ಟಿಗೆ ತೆರೆದು ಸೀರೆ ಹಂಚತೊಡಗಿದರು. ಬಾಯಾರು ಸಂತೆಯಿಂದ ಬರುವಷ್ಟರಲ್ಲಿ ಒಂದು ಇಳಕಲ್ ಸೀರೆ ಹಾಲಿನವಳ ಮನೆ ಸೇರಿರುತ್ತಿತ್ತು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಏನೂ ರೋಗವಿಲ್ಲದ ಮನುಷ್ಯ ಹೋಗಲು ತಯಾರಿ ಮಾಡುತ್ತ ಕೂತರೆ ನೋಡುವುದು ಕಷ್ಟ. ಅದರ ಮೇಲೆ ಮೊಮ್ಮಗಳು ಗಂಡು ಹೆತ್ತಳು. ವೈಶಾಖದಲ್ಲಿ ತೊಟ್ಟಿಲ ಕಾರ್ಯ ಎಂದು ಕರೆ ಬಂತು. ಮರಿಮಗನ ಮುಖ ನೋಡಲು ಬರಲಾರೆ ಎಂದುಬಿಟ್ಟರು ದೊಡ್ಡಕ್ಕ.

ಬಾಯಾರು ಆವತ್ತು ನಮ್ಮ ಅಡುಗೆಮನೆಗೆ ಬಂದು ಹೊಸ್ತಿಲ ಮೇಲೆ ಕೂತರು. "ತಂಗಿ, ಅಕ್ಕನ ಎದಿ ನೋಡೀನಿ, ನಾಡಿ ನೋಡೀನಿ. ಮೊದಲ ಹ್ಯಾಂಗಿತ್ತೋ ಹಂಗ ಐತಿ. ಉಸುರು ಕಟ್ಟಿದ್ದು ಅಕ್ಕಂದಲ್ಲ, ಗಾಡೀದು. ಆದ್ರ ಅಕ್ಕ ನಂಬಬೇಕಲ್ಲ? ಮೊದಲ ಗಾಡೀ ರೋಗ ಹಿಡೀಬೇಕು."

ಊರಿನ ಗ್ಯಾರೇಜಿಗೆ ಎಷ್ಟು ಸಲ ಒಯ್ದರೂ ಅವರು ಒಂದೇ ಮಾತು ಹೇಳಿ ಕಳಿಸಿದ್ದರು: ಗಾಳಿ ಮುಖಕ್ಕೆ ಬರ್ತೈತಲ್ರೀ, ಇನ್ನೇನು? ಬರುತ್ತಿತ್ತು, ಖರೇ. ಗುಂಡಿ ತಿರುಗಿಸಿದ ಮೇಲೆ ಸ್ವಲ್ಪ ತಡವರಿಸಿ, ಕೆಮ್ಮಿದಂತೆ ಮಾಡಿ ಬರುತ್ತಿತ್ತು. ಹಳೆಯ ಗಾಡಿ, ಅಷ್ಟು ಇರುತ್ತದೆ ಎಂದರು ಗ್ಯಾರೇಜಿನವರು.

ಮರುದಿನ ಸೋಮವಾರ. ಪೂಜೆ ಮುಗಿಸಿ ಹೊರಗೆ ಬಂದರೆ, ಬಾಯಾರು ಕಾರಿನ ಮುಂದಿನ ಸೀಟಿನಲ್ಲಿ ಉಲ್ಟಾ ಮಲಗಿದ್ದರು. ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲು ಸೀಟಿನ ಮೇಲೆ, ಕಿವಿಯಲ್ಲಿ ಸ್ಟೆತಸ್ಕೋಪ್. ಎಂಜಿನ್ ಚಾಲೂ ಇತ್ತು. ಓಣಿಯ ಜನ ನೆರೆದು ನಿಂತಿದ್ದರು.

"ತಂಗಿ, ಬ್ಯಾಟರಿ ಬೆಳಕು ಹಿಡಿ. ಮಂದಿ ಸುಮ್ಮನಿರಲಿ. ಹೊಟ್ಯಾಗಿನ ಕೂಸಿನ ಎದಿ ಬಡಿತ ಕೇಳುವಾಗ ಇಷ್ಟು ಗದ್ದಲ ಇರ್ತಿರಲಿಲ್ಲ."

ನಮ್ಮ ಮನೆಯವರು ಹತ್ತಿರ ಬಂದು, ಏಸಿಯ ಗ್ಯಾಸ್ ಕಡಿಮೆಯಾಗಿರಬಹುದು ಎಂದು ಶುರು ಮಾಡಿದರು. ಬಾಯಾರು ತಲೆ ಎತ್ತದೆ, "ಅಣ್ಣಾರ, ರೇಡಿಯೇಟರಿಗೆ ನೀರು ಬೇಕು, ಒಂದು ಕೊಡ ತರ್ರಿ" ಎಂದರು. ಅವರು ನೀರು ತರಲು ಹೋದರು. ನಾನು ತುಟಿ ಕಚ್ಚಿ ನಗು ತಡೆದೆ.

ಆ ಕಾರಿನ ಒಳಗುಟ್ಟನ್ನು ಬಾಯಾರು ನನಗೆ ಹೇಳಿಕೊಟ್ಟದ್ದು ಆಗಲೇ. ಬೇರೆ ಗಾಡಿಗಳಲ್ಲಿ ಗುಂಡಿ ತಿರುಗಿಸಿದರೆ ತಂತಿ ಎಳೆದು ಒಳಗಿನ ಗಾಳಿಯ ಬಾಗಿಲು ಸರಿಯುತ್ತದೆ. ಇದರಲ್ಲಿ ತಂತಿ ಇರಲಿಲ್ಲ. ಎಂಜಿನ್ ಉಸಿರು ಒಳಗೆಳೆದುಕೊಳ್ಳುವಾಗ ಹುಟ್ಟುವ ಎಳೆತವನ್ನೇ ಸಣ್ಣ ಕರಿಯ ನಳಿಕೆಗಳಲ್ಲಿ ಹಾಯಿಸಿ, ಅದರಿಂದಲೇ ಬಾಗಿಲುಗಳನ್ನು ಸರಿಸುವ ಏರ್ಪಾಡು. ಎಳೆತ ಇದ್ದರೆ ಗಾಳಿ ಮುಖಕ್ಕೆ. ಎಳೆತ ತಪ್ಪಿದರೆ ಬಾಗಿಲು ತಾನಾಗಿ ಹೊರಳಿ, ಗಾಳಿಯೆಲ್ಲ ಮುಂದಿನ ಗಾಜಿಗೆ, ಎಂಜಿನ್ನಿನ ಬಿಸಿ ಕಾಲ ಬುಡಕ್ಕೆ.

"ಗಾಜಿಗ್ಯಾಕ್ರಿ ಗಾಳಿ? ಗಾಜಿಗೇನು ಸೆಕಿ ಆಗತೈತೇನು?" ಎಂದೆ ನಾನು.

"ಚಳಿ ದೇಶದವರು ಮಾಡಿದ ಗಾಡಿ ಇದು. ಅಲ್ಲಿ ಗಾಜಿನ ಮ್ಯಾಲೆ ಮಂಜು ಕುಂತ್ರ ದಾರಿ ಕಾಣಂಗಿಲ್ಲ. ಏನರ ಕೆಟ್ರ ಮೊದಲ ಗಾಜು ಉಳೀಲಿ ಅಂತ ಮಾಡ್ಯಾರ. ರೋಣದಾಗ ದೊಡ್ಡಕ್ಕ ಕೂಡತಾಳ ಅಂತ ಅವರಿಗೆ ಯಾರು ಹೇಳಬೇಕು?"

ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಲ್ಲಿ ಇಲ್ಲಿ ಒತ್ತುತ್ತ ಹೋಗಿ, ಎಡಗಡೆಯ ಮೂಲೆಯಲ್ಲಿ ತಟ್ಟನೆ ನಿಂತರು. ನನ್ನ ಕಿವಿಗೂ ಹಚ್ಚಿದರು. ಹಾಲು ಉಕ್ಕುವ ಮುಂಚೆ ಪಾತ್ರೆಯಲ್ಲಿ ಬರುತ್ತದಲ್ಲ, ಅಂಥ ಸುಸ್ಸೆನ್ನುವ ಸಣ್ಣ ಸಪ್ಪಳ. ಎಂಜಿನ್ ಬಂದ್ ಮಾಡಿ, ಒಳಗಿನಿಂದ ಒಂದು ಕರಿಯ ನಳಿಕೆ ಹಿರಿದು ತಂದು, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ಬಾಯಿಗಿಟ್ಟು ಹೀರಿ, ನಾಲಿಗೆ ಒತ್ತಿ ಹಿಡಿದರು.

"ನಾಲಿಗಿ ಹಿಡಕೊಂಡ್ರ ನಳಿಗಿ ಚಲೋ. ಬಿಟ್ರ ಎಲ್ಲೋ ಸೀಳೈತಿ. ಇದು ಬಿಡಾಕತ್ತೈತಿ. ನೀನೂ ನೋಡು."

"ಬಾಯಾರ, ಸೋಮವಾರ ಇವತ್ತು. ನನ್ನ ಉಪಾಸ."

"ಗಾಳಿ ಉಂಡ್ರ ಉಪಾಸ ಕೆಡತೈತೇನ? ನಿಮ್ಮ ಶಿವಾ ಅಷ್ಟು ಸಣ್ಣ ಮನಸ್ಸಿನವ ಅಲ್ಲ, ಹಿಡಿ."

ಹೀರಿದೆ. ಖರೇನ, ಒಂದು ಕ್ಷಣ ಹಿಡಿದ ಹಾಗೆ ಮಾಡಿ ನಾಲಿಗೆಯನ್ನು ಬಿಟ್ಟಿತು. ಬಾಯಲ್ಲಿ ಹಳೆಯ ರಬ್ಬರಿನ ರುಚಿ. ಮಧ್ಯಾಹ್ನದ ಬಾಳೆಹಣ್ಣಿನಲ್ಲೂ ಅದೇ ರುಚಿ ಬಂತು. ಇರಲಿ, ಅದೂ ಅವನ ಪ್ರಸಾದ ಎಂದುಕೊಂಡೆ.

ಬಾಯಾರು ತಮ್ಮ ಪೆಟ್ಟಿಗೆಯಿಂದ ಹೊಸ ಸಲೈನಿನ ನಳಿಕೆ ತೆಗೆದು ಅಳತೆಗೆ ಕತ್ತರಿಸಿ ಜೋಡಿಸಿದರು. ಗಾಡಿ ಚಾಲೂ ಮಾಡಿದರೆ ಗುಂಡಿ ತಿರುಗಿಸಿದ್ದೇ ತಡ, ಗಾಳಿ ಭರ್ರೆಂದು ಮುಖಕ್ಕೆ ಬಂತು. ಓಣಿಯವರು ಸರದಿಯ ಮೇಲೆ ಬಂದು ಮುಖ ಒಡ್ಡಿ ಹೋದರು. ಯಾರದೋ ಮನೆಯಿಂದ ಮಾದಲಿಯ ಸಿಹಿ ಬಂತು, ಹಂಚಿದೆವು. ಕಟ್ಟೆಯ ಮೇಲೆ ಕೂತಿದ್ದ ದೊಡ್ಡಕ್ಕ ಮಾತ್ರ, "ಚಲೋ ಆತು ಬಿಡ" ಎಂದು ಒಳಗೆ ಎದ್ದು ಹೋದರು.

ನಾನು ಆಗಲೇ ದೊಡ್ಡಕ್ಕನನ್ನು ಕೂರಿಸಿಕೊಂಡು ಹೋಗಿಬಿಡೋಣ ಎಂದೆ. ಬಾಯಾರು ಬೇಡವೆಂದರು. "ಮೊದಲ ನೀ ಬಾ. ಅಕ್ಕ ಕೂಡೂ ಸೀಟಿನ್ಯಾಗ ನೀ ಕೂಡ." ಅವರಿಗೆ ಆ ಬುದ್ಧಿ ಕೊಟ್ಟ ದೇವರಿಗೆ ಎಷ್ಟು ಸಲ ಕೈಮುಗಿದರೂ ಸಾಲದು.

ನಮ್ಮ ರೋಣ ಅಂದರೆ ಅಂಗೈಯಂಥ ಸಪಾಟ ಕರಿ ನೆಲ. ಇತ್ತ ನರಗುಂದದ ದಾರಿ ಹಿಡಿದರೂ ಸಪಾಟ. ನಾವೆಲ್ಲ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿಯೇ ಪರೀಕ್ಷೆ ಮಾಡಿ ಸಿಹಿ ಹಂಚುವ ಮಂದಿ. ಮುಂದಿನ ಸೋಮವಾರ ನಾವಿಬ್ಬರೂ ಗಜೇಂದ್ರಗಡದ ಕಡೆ ಹೊರಟಾಗ ದಾರಿಯುದ್ದಕ್ಕೂ ತಂಪು ಗಾಳಿ ಮುಖಕ್ಕೆ ಬೀಸುತ್ತಿತ್ತು, ನಾನು ತೂಕಡಿಸುತ್ತಿದ್ದೆ. ಆ ಊರು ದಾಟಿ ಗುಡ್ಡ ಏರತೊಡಗಿದೆವು. ತಿರುವಿನಲ್ಲಿ ಬಾಯಾರು ಕಾಲು ಒತ್ತಿದ್ದೇ, ಮುಖದ ಮೇಲಿನ ಗಾಳಿಯನ್ನು ಯಾರೋ ಕೈಯಿಂದ ಎತ್ತಿಕೊಂಡಂತೆ ಆಯಿತು. ಗಾಳಿ ನಿಂತಿರಲಿಲ್ಲ, ಭೋರೆಂದು ಗಾಜಿನ ಬುಡದಲ್ಲಿ ಹೋಗುತ್ತಿತ್ತು. ಕಾಲ ಬಳಿ ಬಿಸಿ ಝಳ. ಮುಚ್ಚಿದ ಕಿಟಕಿ, ಎದುರಿಗೆ ಬಿಸಿಲು. ನನ್ನ ಎದೆಯಲ್ಲಿ ಯಾವ ರೋಗವೂ ಇಲ್ಲ. ಆದರೂ ಉಸಿರು ಸಾಲದೆ ಬಾಯಿ ತೆರೆದೆ. ಶಿವಶಿವಾ ಎಂದೆ.

ಬಾಯಾರು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಗಾಳಿ ಏನೂ ಆಗದವರಂತೆ ಮತ್ತೆ ಮುಖಕ್ಕೆ ಬಂತು. ಅವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದರು. ಅವರು ಸೋತರು ಎಂದು ನನಗೆ ಕಸಿವಿಸಿಯಾಯಿತು. ನೋಡಿದರೆ ಭುಜ ಕುಲುಕಿಸಿ ನಗುತ್ತಿದ್ದಾರೆ.

"ಅವಳಿ ಇದ್ದುವಲ್ಲ ತಂಗಿ. ಒಂದು ಹೊರಗ ಬಂತು ಅಂತ ನಾವು ಮಾದಲಿ ಹಂಚಿ ಕುಂತ್ವಿ. ಇನ್ನೊಂದು ಒಳಗ ಉಳದಿತ್ತು."

ಅಲ್ಲೇ ಕೂತು ಯೋಚಿಸಿದರು, ಗಟ್ಟಿಯಾಗಿಯೇ. ಸಪಾಟ ದಾರಿಯಲ್ಲಿ ಎಂಜಿನ್ ಮೂಗಿನಿಂದ ಉಸಿರಾಡುತ್ತದೆ, ಎಳೆತ ಜೋರಾಗಿರುತ್ತದೆ. ಏರು ಬಂದರೆ ಬಾಯಿ ತೆರೆದು ಏದುತ್ತದೆ, ಆಗ ಎಳೆತ ಇಲ್ಲ. "ಹಂಗಾದ್ರ ಗಾಡಿ ಮಾಡಿದವರಿಗೆ ಇದು ಗೊತ್ತಿರಲಿಲ್ಲೇನು? ಅವರ ದೇಶದಾಗೂ ಗುಡ್ಡ ಅದಾವು. ನಳ ಬರದ ದಿನಕ್ಕಂತ ನಾವು ಕೊಡ ತುಂಬಿ ಇಡತೀವಲ್ಲ, ಹಂಗ ಎಳೆತ ತುಂಬಿ ಇಡೂ ಕೊಡ ಎಲ್ಲೋ ಇರಬೇಕು. ಆ ಕೊಡ ಸೋರಾಕತ್ತೈತಿ."

ಕೊಡ ಹುಡುಕಿಕೊಂಡು ಗಜೇಂದ್ರಗಡದ ಪೇಟೆಗೆ ಇಳಿದೆವು. ಅಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಒಬ್ಬ ಚಾಚಾ ಇದ್ದರು. ರಮಜಾನ್ ತಿಂಗಳು, ಅಂಗಡಿಯ ನೆರಳಲ್ಲಿ ತಸಬಿಯ ಜಪಮಣಿ ಎಣಿಸುತ್ತ ಕೂತಿದ್ದರು. ಬಾಯಾರನ್ನು ಕಂಡು ಎದ್ದು ನಿಂತರು. ಅವರ ಕಿರಿಯ ಮಗಳ ಹೆರಿಗೆ ಬಾಯಾರ ಕೈಯಲ್ಲೇ ಆಗಿತ್ತು.

"ಗಾಳಿ ದಿಕ್ಕು ಬದಲಿ ಮಾಡತೈತೇನ್ರಿ? ಅಂಥಾ ರೋಗ ನಾ ಕೇಳೇ ಇಲ್ಲ ಬಾಯಾರ. ಗ್ಯಾಸ್ ಹಾಕಸ್ರಿ."

"ಗ್ಯಾಸ್ ಹಾಕಿದ್ರ ತಂಪು ಹೆಚ್ಚಾಕ್ಕೈತಿ ಚಾಚಾ, ದಿಕ್ಕು ಹ್ಯಾಂಗ ಬದಲಾಕ್ಕೈತಿ? ನೀವ ಬಂದು ಕೂಡ್ರಿ."

ಚಾಚಾ ಬಂದು ಕೂತರು. ಗಾಡಿ ಮತ್ತೆ ಗುಡ್ಡ ಏರಿತು. ಹಿಂದಿನಿಂದ ಎರಡೂ ಕೈ ಚಾಚಿ ಗಾಳಿಯ ಕಿಂಡಿಗಳ ಮುಂದೆ ಹಿಡಿದು ಕೂತಿದ್ದ ಚಾಚಾ, ಅದೇ ತಿರುವಿನಲ್ಲಿ, "ಯಾ ಅಲ್ಲಾ, ಹೋತಲ್ರಿ" ಎಂದರು. ಗಾಳಿ ಹೋದದ್ದಕ್ಕೆ ಬಾಯಾರಿಗೆ ಆದ ಆನಂದ ನೋಡಬೇಕಿತ್ತು. "ಹೌದಿಲ್ಲೋ? ಹೋತಿಲ್ಲೋ? ನನಗ ವಯಸ್ಸಾಗೇತಿ, ಭ್ರಮಿ ಅಂದಿದ್ರು ಎಲ್ಲಾರೂ."

ವಾಪಸು ಬಂದು ಬಾನೆಟ್ ಎತ್ತಿದರು. ಚಾಚಾ ಮೂಲೆಯಲ್ಲಿದ್ದ ತೆಂಗಿನಕಾಯಿಯಷ್ಟು ದಪ್ಪದ ಕರಿಯ ಚೆಂಡೊಂದನ್ನು ತೋರಿಸಿ, "ಇದನ್ನ ನಾವು ಬಿಚ್ಚಿ ಒಗದುಬಿಡತೀವ್ರಿ. ಯಾತಕ್ಕ ಇಟ್ಟಾರ ಅಂತ ಇವತ್ತಿಗೂ ಗೊತ್ತಿದ್ದಿಲ್ಲ" ಎಂದರು. ಅದೇ ಕೊಡ. ಕೊಡ ಗಟ್ಟಿಯಾಗಿತ್ತು. ಅದರ ಬಾಯಿಗೆ ಹೆಬ್ಬೆರಳ ಉಗುರಿನಷ್ಟು ಸಣ್ಣ ವಾಲ್ವ್ ಒಂದಿತ್ತು. ಒಂದು ಕಡೆಯಿಂದ ಗಾಳಿ ಬಿಟ್ಟು ಇನ್ನೊಂದು ಕಡೆಯಿಂದ ತಡೆಯಬೇಕಾದ ಬಾಗಿಲು. ಅದನ್ನು ಊದಿ, ಹೀರಿ ನೋಡಬೇಕು.

ಬಾಯಾರು ಅದನ್ನು ನನ್ನ ಮುಂದೆ ಹಿಡಿದರು. "ಸೋಮವಾರ" ಎಂದೆ. ಚಾಚಾನ ಮುಂದೆ ಹಿಡಿದರು. "ರೋಜಾ ಐತ್ರಿ" ಎಂದರು ಅವರು.

"ಭಾಳ ಚಲೋ ಆತು. ನೀವಿಬ್ಬರೂ ಸ್ವರ್ಗಕ್ಕ ಹೋಗ್ರಿ, ನನ್ನ ಬಾಯಿ ಕೆಲಸಕ್ಕ ಇರಲಿ" ಎಂದು ಸೆರಗಿನಿಂದ ಒರೆಸಿ ತಾವೇ ಊದಿದರು. ಗಾಳಿ ಹೋಯಿತು. ತಿರುಗಿಸಿ ಊದಿದರು. ಆ ಕಡೆಯಿಂದಲೂ ಹೋಯಿತು. "ಎರಡೂ ಕಡೆ ಬಾಗಿಲು ತೆರಕೊಂಡು ಕುಂತೈತಿ. ಧರ್ಮಶಾಲಿ ಆಗೇತಿ."

ಚಾಚಾ ಡಬ್ಬಿಯೊಂದನ್ನು ಸುರುವಿ, ಬಿಚ್ಚಿದ ಗಾಡಿಗಳಿಂದ ಉಳಿದ ಅಂಥವೇ ವಾಲ್ವುಗಳನ್ನು ಒಂದೊಂದಾಗಿ ಕೊಡುತ್ತ ಹೋದರು. ಬಾಯಾರು ಒಂದೊಂದನ್ನೇ ಬಾಯಿಗಿಟ್ಟು ನೋಡುತ್ತ, "ಇದೂ ಸತ್ತೈತಿ, ಇದೂ ಸತ್ತೈತಿ" ಎಂದು ಪಕ್ಕಕ್ಕಿಡುತ್ತ ಹೋದರು. ನಾನು ಮನಸ್ಸಿನಲ್ಲೇ ಕಾಲಕಾಲೇಶ್ವರನನ್ನು ನೆನೆಯುತ್ತಿದ್ದೆ. ಚಾಚಾನ ತುಟಿಗಳೂ ಅಲ್ಲಾಡುತ್ತಿದ್ದವು. ಕಡೆಗೊಂದನ್ನು ಬಾಯಾರು ಹೀರಿದರು. ನಾಲಿಗೆ ಹೊರಗೆ ಚಾಚಿ ತೋರಿಸಿದರು. ವಾಲ್ವ್ ನಾಲಿಗೆಯ ತುದಿಗೆ ಜಿಗಣೆಯ ಹಾಗೆ ಅಂಟಿಕೊಂಡು ಜೋತಾಡುತ್ತಿತ್ತು. ಪೇಟೆಯ ನಡುವೆ ಅಷ್ಟು ವಯಸ್ಸಿನ ಹೆಂಗಸು ನಾಲಿಗೆ ಚಾಚಿ ನಿಂತು ಕಣ್ಣರಳಿಸಿ ನಗುವ ಆ ಮುಖ ನನ್ನ ಕಣ್ಣಿಗೆ ಕಟ್ಟಿದೆ.

ಅದನ್ನು ಕೂರಿಸಿಕೊಂಡು ಗುಡ್ಡವನ್ನು ಮತ್ತೆ ಮತ್ತೆ ಏರಿ ಇಳಿದೆವು. ಗಾಳಿ ಅಲುಗಲಿಲ್ಲ.

ಇಷ್ಟಾದರೂ ದೊಡ್ಡಕ್ಕ ಜಗ್ಗಲಿಲ್ಲ. ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ಬಾಯಾರು ಗಾಡಿ ತೊಳೆದು ಬಾಗಿಲು ತೆರೆದು ನಿಂತರು. ದೊಡ್ಡಕ್ಕ ಕಟ್ಟೆಯ ಮೇಲೆ ಕೂತಲ್ಲೇ, "ನಿನ್ನ ಗಾಡಿ ಚಲೋ ಆಗೇತಿ, ನಾ ಇಲ್ಲ ಅನ್ನಂಗಿಲ್ಲ. ನನ್ನ ಉಸುರು ಚಲೋ ಆಗಿಲ್ಲ. ಅದರ ವಾಲು ಯಾವ ಅಂಗಡ್ಯಾಗೂ ಸಿಗಂಗಿಲ್ಲ" ಎಂದರು.

"ಅಕ್ಕಾ, ನಾ ನರ್ಸ್ ಅದೀನಿ. ನನಗ ತಿಳಿಯಂಗಿಲ್ಲೇನು?"

"ಊರಿಗೆ ನೀ ನರ್ಸಬಾಯಿ. ನನಗ ನೀ ನನ್ನ ಸೆರಗಿಗೆ ಮೂಗು ಒರಿಸಿಕೊಂಡು ಬೆಳದಾಕಿ. ನನ್ನ ಸಮಾಧಾನಕ್ಕ ಹೇಳತಿ ನೀ. ಹೋಗಿ ಬಾ, ಕೂಸಿಗೆ ನನ್ನ ಆಶೀರ್ವಾದ ಹೇಳು."

ಬಾಯಾರು ತೆರೆದ ಬಾಗಿಲನ್ನು ಹಿಡಿದೇ ನಿಂತರು. ಅವರನ್ನು ಹಾಗೆ ನೋಡಲಾಗದೆ ನಾನು ಕಟ್ಟೆಯ ಮೇಲೆ ದೊಡ್ಡಕ್ಕನ ಪಕ್ಕ ಹೋಗಿ ಕೂತೆ. ಏನು ಹೇಳಬೇಕೆಂದು ಯೋಚಿಸಿಯೂ ಇರಲಿಲ್ಲ.

"ದೊಡ್ಡಕ್ಕಾ, ವಾಲ್ವ್ ಹಾಕೂಕಿಂತ ಮೊದಲ ನಾವಿಬ್ಬರೂ ಹೋಗಿದ್ವಿ. ನಾ ನಿಮ್ಮ ಸೀಟಿನ್ಯಾಗ ಕುಂತಿದ್ದೆ. ಆ ತಿರುವಿನ್ಯಾಗ ನನಗೂ ಉಸುರು ಕಟ್ಟಿತು. ಬಾಯಿ ತೆರದು ಶಿವಶಿವಾ ಅಂದೆ."

ದೊಡ್ಡಕ್ಕ ನನ್ನ ಕಡೆ ತಿರುಗಿದರು. "ನಿನಗೂ?"

"ಹೌದ್ರಿ. ಎದಿ ಹಿಂಡಿದಂಗ ಆತು. ಕಾಲಾಗಿಂದ ಬಿಸಿ ಎದ್ದು ಬಂತು."

"ಕಾಲಾಗಿಂದ? ಹಿಂಗ ಮೊಣಕಾಲಿನ ತನಕ?"

"ಹಂಗ ರಿ. ಮೊಣಕಾಲಿನ ತನಕ."

ದೊಡ್ಡಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಟ್ಟಿಮುಟ್ಟಾದ ಮೈ ನನ್ನದು, ಉಬ್ಬಸದ ಹೆಸರಿಲ್ಲ. ನನ್ನ ಎದೆಯ ಮೇಲೆ ಕೂರಲು ಯಾರಿಗೂ ಇನ್ನೂ ಕಾರಣವಿರಲಿಲ್ಲ. ಅವರು ಅದನ್ನೇ ಲೆಕ್ಕ ಹಾಕುತ್ತಿದ್ದರು ಎಂದು ಕಾಣುತ್ತದೆ. ಆಮೇಲೆ ಮೆಲ್ಲಗೆ, "ಹಂಗಾದ್ರ ಅವ ನನ್ನ ಸಲುವಾಗಿ ಬಂದಿದ್ದಿಲ್ಲೇನ ಮತ್ತ" ಎಂದು ತಮಗೇ ಹೇಳಿಕೊಂಡರು. ಎದ್ದು ಒಳಗೆ ಹೋದರು. ಬರುವಾಗ ಹೊಸ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿದ್ದರು.

ದಾರಿಯಲ್ಲಿ ಬಾಯಾರು ಒಂದೇ ಸಮನೆ ಮಾತಾಡಿದರು. ಹೊಲ ನೋಡು, ಗಿಡ ನೋಡು, ಅಗೋ ಆ ಮನಿಯಾಗ ಅವಳಿ ಹುಟ್ಟಿದ್ದು. ಗುಡ್ಡದ ಬುಡಕ್ಕೆ ಬಂದಾಗ ಮಾತು ನಿಂತಿತು. ಹಿಂದೆ ಕೂತ ನಾನು ಜಪ ಹಿಡಿದೆ. ದೊಡ್ಡಕ್ಕ ಒಂದು ಕೈಯಿಂದ ಬಾಗಿಲ ಹಿಡಿಕೆ ಬಿಗಿಹಿಡಿದು, ಇನ್ನೊಂದು ಅಂಗೈಯನ್ನು ಗಾಳಿಯ ಕಿಂಡಿಯ ಮುಂದೆ ಚಾಚಿದರು. ಗಾಡಿ ಏರು ಹಿಡಿಯಿತು. ಎಂಜಿನ್ ಏದಿತು. ತಿರುವು ಬಂತು, ತಿರುಗಿದೆವು, ತಿರುವು ಹಿಂದೆ ಉಳಿಯಿತು. ದೊಡ್ಡಕ್ಕನ ಸೆರಗಿನ ಅಂಚು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ದೊಡ್ಡಕ್ಕ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಏ, ಸಣ್ಣ ಮಾಡ ಅದನ್ನ. ಚಳಿ ಹತ್ತಾಕತ್ತೈತಿ."

ಬಾಯಾರು ಕೇಳಿಸದವರಂತೆ ಗಾಡಿ ಓಡಿಸಿದರು. ಕನ್ನಡಿಯಲ್ಲಿ ನನಗೆ ಅವರ ಕಣ್ಣು ಕಾಣುತ್ತಿತ್ತು. ಒದ್ದೆಯಾಗಿತ್ತು.

"ಕಿವಿ ಕೇಳಂಗಿಲ್ಲೇನ ನಿನಗ? ವೈಶಾಖದಾಗ ನೆಗಡಿ ಬರಸತೀಯೇನ ನನಗ?"

ಗುಡ್ಡ ಹತ್ತಿ ಮುಗಿಯುವ ತನಕ ಬಾಯಾರು ಗುಂಡಿಗೆ ಕೈ ಹಚ್ಚಲಿಲ್ಲ.

ತೊಟ್ಟಿಲ ಮನೆಯಲ್ಲಿ ದೊಡ್ಡಕ್ಕ ಮರಿಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಬಂದ ಬಂದ ಹೆಂಗಸರಿಗೆಲ್ಲ ತಂಗಿಯ ಮೇಲೆ ದೂರು ಹೇಳಿದರು. "ಏನ ಹೇಳ್ಲಿ ನಮ್ಮವ್ವಾ, ಇಂಥಾ ಬಿಸಲಾಗ ನನ್ನ ನಡಗಿಸಿಕೋತ ಕರಕೊಂಡು ಬಂದಾಳ. ಕೈ ಮುಟ್ಟಿ ನೋಡ್ರಿ, ಇನ್ನೂ ತಣ್ಣಗ ಅದಾವು. ಸಣ್ಣ ಮಾಡ ಅಂದ್ರ ಮಾಡಂಗಿಲ್ಲ. ಹಟಮಾರಿ." ಹೆಂಗಸರು ಒಬ್ಬೊಬ್ಬರಾಗಿ ಬಂದು ದೊಡ್ಡಕ್ಕನ ಕೈ ಮುಟ್ಟಿ ನೋಡಿ, ಹೌದ್ರಿ ಹೌದ್ರಿ ಎಂದು ಹೋದರು. ಎಲ್ಲೆಲ್ಲೂ ಮಾತಿಗೆ ಮುಂದಿರುತ್ತಿದ್ದ ನರ್ಸಬಾಯಾರು ಅಂದು ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು, ತಮ್ಮ ಮೇಲಿನ ದೂರನ್ನು ಒಂದೂ ಬಿಡದೆ ಕೇಳುತ್ತ ನಿಂತಿದ್ದರು. ಯಾರೋ ಒಬ್ಬರು ಕೇಳದೆ ಮುಂದೆ ಹೋದರೆ, ಅವರ ಸೆರಗು ಜಗ್ಗಿ ಕರೆದು ತಂದರು.

"ನಮ್ಮ ಅಕ್ಕ ಏನೋ ಹೇಳಾಕತ್ತಾಳ, ಕೇಳಿ ಹೋಗ್ರಿ."